ಯಾವ ಸೋಪು?

ಕಳೆದ ಮಾಘದಲ್ಲಿ ಬಿ.ಎ. ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಐಹೊಳೆಗೆ ಹೋಗಿದ್ದೆನು. ಬೆಳಗಿನಿಂದ ಗುಡಿಯಿಂದ ಗುಡಿಗೆ ಅಲೆದು, ಮಧ್ಯಾಹ್ನ ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿಗಳನ್ನು ಹೊಟ್ಟೆತುಂಬ ಉಂಡೆವು. ಹಿಂದಿರುಗುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಮೈಸೂರಿನ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನಿಗೆ ನಮ್ಮ ಖಾರ ಒಗ್ಗದೆ ಹೊಟ್ಟೆ ಉಬ್ಬರಿಸಿದ್ದಿತು. ಅವನು ಕಿರಾಣಿ ಅಂಗಡಿಯೊಂದರ ಮುಂದೆ ನಿಂತು, 'ಸ್ವಲ್ಪ ಸೋಂಪು ಕೊಡಿ' ಎಂದನು. ಅಂಗಡಿಯ ಮುದುಕರು ಕಿವಿಯ ಹಿಂದೆ ಕೈಯಿಟ್ಟು, 'ಯಾವ ಸೋಪೋ ತಮ್ಮಾ? ಮೈಗೆ ಹಚ್ಚೂದೋ, ಬಾಯಾಗ ಹಾಕ್ಕೊಳ್ಳೂದೋ, ಬಾಣಂತಿಗೆ ಕೊಡೂದೋ?' ಎಂದು ಕೇಳಿದರು.

ಹುಡುಗರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆನು. ಮುದುಕರು ಮಾತ್ರ ನಗಲಿಲ್ಲ. ಒಂದು ಡಬ್ಬಿಯಿಂದ ಹಸಿರು ಗೆರೆಗಳ ಉದ್ದನೆಯ ಕಾಳನ್ನೂ ಇನ್ನೊಂದರಿಂದ ಚಪ್ಪಟೆಯಾದ ಕಂದು ಕಾಳನ್ನೂ ಅಂಗೈಯಲ್ಲಿ ಸುರಿದುಕೊಂಡು, 'ಇದು ಬಡೇಸೋಪು, ಊಟಾದ ಮ್ಯಾಲಿಂದು. ಇದು ಸಬ್ಬಸಗಿ ಬೀಜ, ಬಾಣಂತೀದು. ಯಾವುದು ಬೇಕು ಹೇಳು' ಎಂದರು. ಹುಡುಗನಿಗೆ ಬೇಕಾದುದು ಬಡೇಸೋಪೇ ಆಗಿದ್ದಿತು. ಅವನ ಮನೆಯಲ್ಲಿ ಅದರ ಹೆಸರು ಸೋಂಪು. ಪುಸ್ತಕಗಳಲ್ಲಿ ಇದೇ ಸೋಂಪೆಂಬ ಹೆಸರನ್ನು ಹೊತ್ತ ಮತ್ತೊಂದು ಕಾಳು ಉಂಟು. ಅದು ಆ ಅಂಗಡಿಯಲ್ಲಿ ಇರಲೇ ಇಲ್ಲ.

ಬಸ್ಸು ಹೊರಟ ಮೇಲೆಯೂ ಆ ಮುದುಕರ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಇದನ್ನು ಕೇಳಬೇಕಾದವರು ಕನ್ನಡದ ಅಧ್ಯಾಪಕರಾದ ನಾವು, ಕೇಳಿದವರು ಅಂಗಡಿಕಾರರು. ಒಂದು ಹಿಡಿ ಕಾಳಿನ ಹೆಸರಿಗಾಗಿ ಸಾಹಿತ್ಯದ ಪುಟದಲ್ಲಿ ಇಷ್ಟು ಜಾಗವೇಕೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಕಾರಣವುಂಟು; ಹೇಳುತ್ತೇನೆ.

ಐಹೊಳೆಯೇ ಹೆಸರು ತಪ್ಪಿದ ಊರು. ಪರಶುರಾಮನು ನೆತ್ತರಾದ ಕೊಡಲಿಯನ್ನು ಹೊಳೆಯಲ್ಲಿ ತೊಳೆದನಂತೆ; ನೀರು ಕೆಂಪಾದುದನ್ನು ಕಂಡ ಹೆಂಗಸೊಬ್ಬಳು 'ಅಯ್ಯೋ ಹೊಳೆ!' ಎಂದು ಕೂಗಿದಳಂತೆ. ಅದರಿಂದ ಊರಿಗೆ ಆ ಹೆಸರಂತೆ. ಶಾಸನಗಳು ಹೇಳುವ ಹೆಸರಾದರೋ ಅಯ್ಯಾವೊಳೆ, ಆರ್ಯಪುರ. ಅಲ್ಲಿಯ ದುರ್ಗದ ಗುಡಿ ದುರ್ಗೆಯ ಗುಡಿಯಲ್ಲ. ಕೋಟೆಗೆ, ಅಂದರೆ ದುರ್ಗಕ್ಕೆ ಸೇರಿಕೊಂಡಿದ್ದ ಕಾರಣ ಬಂದ ಹೆಸರು ಅದು. ಶಾಸನದ ಆಧಾರದಿಂದ ಅದು ಆದಿತ್ಯನ ಗುಡಿಯೆಂದು ವಿದ್ವಾಂಸರು ಹೇಳುತ್ತಾರೆ. ಲಾಡಖಾನನ ಗುಡಿಯನ್ನು ಲಾಡಖಾನನು ಕಟ್ಟಿಸಲಿಲ್ಲ. ಎಷ್ಟೋ ಶತಮಾನಗಳ ತರುವಾಯ ಅದನ್ನು ಮನೆಮಾಡಿಕೊಂಡಿದ್ದನು. ಬೆಟ್ಟದ ಮೇಲಿನ ಮೇಗುತಿ ಎಂಬುದು ಮೇಗುಡಿ, ಮೇಲಿನ ಗುಡಿ, ಎಂಬುದರ ಸವೆದ ರೂಪ. ಕ್ರಿ.ಶ. 634ರಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಸರಿಗಟ್ಟಿಕೊಂಡು ಬರೆದ ಸಂಸ್ಕೃತ ಪ್ರಶಸ್ತಿ ಇರುವುದು ಅದರ ಗೋಡೆಯ ಮೇಲೆ.

ಈ ತಪ್ಪುಹೆಸರುಗಳನ್ನು ನಾನು ವಿದ್ಯಾರ್ಥಿಗಳಿಗೆ ಒಂದೊಂದಾಗಿ ಬಿಡಿಸಿ ಹೇಳಿದೆನು. ಅವರು ಸಂತೋಷದಿಂದ ಬರೆದುಕೊಂಡರು. ಗುಡಿಯ ಹೆಸರು ತಪ್ಪಿದರೆ ಯಾರಿಗೂ ನೋವಿಲ್ಲ. ಕಲ್ಲು ಹಾಗೆಯೇ ನಿಂತಿರುತ್ತದೆ. ನೋಡಿದವನಿಗೆ ಅದೇ ಸೊಬಗು. ಬಾಯೊಳಗೆ ಹೋಗುವ ವಸ್ತುವಿನ ಹೆಸರು ತಪ್ಪಿದರೆ ಹಾಗಲ್ಲ.

ಈಗ ಕಾಳುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬಡೇಸೋಪು, ದಕ್ಷಿಣದವರ ದೊಡ್ಡ ಜೀರಿಗೆ. ಸಂಸ್ಕೃತದ ಮಿಶ್ರೇಯಾ, ಮಧುರಿಕಾ. ಉದ್ದನೆಯ ಕಾಳು, ಎದ್ದು ಕಾಣುವ ಗೆರೆ, ಸಿಹಿಯಾದ ಕಂಪು. ಗುಜರಾತು ರಾಜಸ್ಥಾನಗಳಲ್ಲಿ ಹೇರಳವಾಗಿ ಬೆಳೆದು ನಮ್ಮ ಊಟದ ಮನೆಗಳ ಬಾಗಿಲ ಬಳಿ ಸಕ್ಕರೆಯೊಡನೆ ತಟ್ಟೆಯಲ್ಲಿ ಕುಳಿತಿರುವುದು ಇದೇ. ಎರಡನೆಯದು ಸಬ್ಬಸಿಗೆ, ವೈದ್ಯಗ್ರಂಥಗಳ ಶತಪುಷ್ಪಾ. ಇದರ ಎಳೆಸೊಪ್ಪು ಹೆಸರುಬೇಳೆಯೊಡನೆ ಬೆಂದು ರೊಟ್ಟಿಯ ಮೇಲೆ ಬಿದ್ದರೆ ಬೇರೆ ಪಲ್ಯ ಬೇಡ. ಕಾಳು ಚಪ್ಪಟೆ, ಕಂಪಿನಲ್ಲಿ ಸಿಹಿಗಿಂತ ಓಮದ ಘಾಟೇ ಹೆಚ್ಚು. ಮರಾಠಿಯವರು ಇದನ್ನು ಬಾಳಂತಶೇಪ ಎನ್ನುತ್ತಾರೆ. ಬಾಣಂತಿಯ ಸೋಪು ಎಂದೇ ಅರ್ಥ. ಅಂಗಡಿಯ ಮುದುಕರ ಮೂರನೆಯ ಪ್ರಶ್ನೆಯ ಹಿಂದೆ ಈ ನೆರೆನುಡಿಯ ನೆನಪು ಇದ್ದಿರಬೇಕು.

ಮೂರನೆಯದೇ ಪುಸ್ತಕದ ಸೋಂಪು. ಹಿಂದಿಯವರ ವಿಲಾಯತಿ ಸೌಂಫ್, ಯುನಾನಿ ಹಕೀಮರ ಅನೀಸೂನ್. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ಸೀಮೆ ಇದರ ತವರು. ಬಡೇಸೋಪಿಗಿಂತ ಗಿಡ್ಡನೆಯ, ಬೂದುಹಸಿರಿನ, ನವುರಾದ ರೋಮವುಳ್ಳ ಕಾಳು. ರೋಮಿನ ಕೇಟೋ ದ್ರಾಕ್ಷಾರಸದಲ್ಲಿ ಕಲಸಿದ ಹಿಟ್ಟಿಗೆ ಇದನ್ನೂ ಜೀರಿಗೆಯನ್ನೂ ಬೆರೆಸಿ ಸುಡುವ ಭಕ್ಷ್ಯವೊಂದನ್ನು ತನ್ನ ಕೃಷಿಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಇದನ್ನು ದಿಂಬಿಗೆ ಕಟ್ಟಿಕೊಂಡು ಮಲಗಿದರೆ ಕೆಟ್ಟ ಕನಸು ಬೀಳದೆಂದು ಪ್ಲಿನಿ ಹೇಳುತ್ತಾನೆ. ಈ ಮೂರೂ ಒಂದೇ ಕುಲದವು. ಹೂಗೊಂಚಲು ಕೊಡೆಯಂತೆ ಬಿಚ್ಚಿಕೊಳ್ಳುವುದು ಕುಲಲಕ್ಷಣ. ಜೀರಿಗೆ, ಓಮ, ಕೊತ್ತಂಬರಿಗಳೂ ಇವುಗಳ ದಾಯಾದಿಗಳೇ.

ನಾಲ್ಕನೆಯದು ಕುಲಕ್ಕೆ ಸೇರದ ಅತಿಥಿ: ಚಕ್ರಮೊಗ್ಗು. ಚೀನದ ದಕ್ಷಿಣದಲ್ಲಿಯೂ ವಿಯೆಟ್ನಾಮಿನ ಉತ್ತರದಲ್ಲಿಯೂ ಬೆಳೆಯುವ ಮರವೊಂದರ ಕಾಯಿ ಇದು. ಎಂಟು ದೋಣಿಗಳನ್ನು ಚಕ್ರಾಕಾರವಾಗಿ ಜೋಡಿಸಿದಂತಿರುತ್ತದೆ. ಒಂದೊಂದು ದೋಣಿಯಲ್ಲಿ ಹೊಳೆಯುವ ಕಂದು ಬೀಜ. ಪಲಾವಿನ ಮಸಾಲೆಯಲ್ಲಿ ಇದು ಎಲ್ಲರಿಗೂ ಪರಿಚಿತ. ಇದರ ಕಂಪೂ ಸೋಂಪಿನ ಕಂಪೂ ಒಂದೇ, ಏಕೆಂದರೆ ಎರಡರ ಎಣ್ಣೆಯಲ್ಲಿಯೂ ಅನೆಥೋಲ್ ಎಂಬ ಒಂದೇ ದ್ರವ್ಯ ತುಂಬಿದೆ. ಬಡೇಸೋಪಿನಲ್ಲಿರುವುದೂ ಬಹುಮಟ್ಟಿಗೆ ಅದೇ. ಮೂಗು ಮೂರನ್ನೂ ಒಂದೆನ್ನುತ್ತದೆ. ಆದಕಾರಣ ಹೆಸರೂ ಒಂದರಿಂದೊಂದಕ್ಕೆ ಜಾರಿತು. ಇಂಗ್ಲಿಷಿನವರಿಗೆ ಚಕ್ರಮೊಗ್ಗು ನಕ್ಷತ್ರದ ಸೋಂಪಾಯಿತು. ತಮಿಳರಿಗೆ ಅನ್ನಾಸಿಪ್ಪೂ, ಅಂದರೆ ಅನಾನಸಿನ ಹೂವು, ಆಯಿತು. ಅದು ಹೂವೂ ಅಲ್ಲ, ಅನಾನಸಿಗೆ ಅದರ ಸಂಬಂಧವೂ ಇಲ್ಲ.

ಈ ಗೊಂದಲ ಕನ್ನಡಿಗರೊಬ್ಬರದೇ ಎಂದು ನಾಚಬೇಕಾಗಿಲ್ಲ. ಗ್ರೀಕರ ಬಾಯಿಯಲ್ಲಿಯೇ ಸಬ್ಬಸಿಗೆಯ ಹೆಸರೂ ಸೋಂಪಿನ ಹೆಸರೂ ಅಕ್ಕತಂಗಿಯರಂತಿದ್ದುವು: ಅನೇಥಾನ್, ಅನಿಸಾನ್. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಸಬ್ಬಸಿಗೆಯೆಂದಿರುವುದನ್ನು 1611ರ ಇಂಗ್ಲಿಷ್ ಬೈಬಲ್ ಸೋಂಪೆಂದು ಅನುವಾದಿಸಿತು. ಪರಿಷ್ಕೃತ ಹೊಸ ಒಡಂಬಡಿಕೆಯೊಂದು 1946ರಲ್ಲಿ ಅದನ್ನು ತಿದ್ದಿ ಸಬ್ಬಸಿಗೆಯೆಂದೇ ಅಚ್ಚುಮಾಡಿತು. ರಸಾಯನಶಾಸ್ತ್ರಜ್ಞರು ಅನೆಥೋಲ್ ಎಂಬ ಹೆಸರನ್ನು ಪಡೆದದ್ದು ಸಬ್ಬಸಿಗೆಯ ಲ್ಯಾಟಿನ್ ಹೆಸರಿನಿಂದ. ಸಬ್ಬಸಿಗೆಯ ಕಂಪಾದರೋ ಮುಖ್ಯವಾಗಿ ಬೇರೊಂದು ದ್ರವ್ಯದ್ದು. ಪಂಡಿತರೇ ಹೀಗೆ ಎಡವಿದ ದಾರಿಯಲ್ಲಿ ಪಾಮರರು ಎಡವಿದರೆ ಆಶ್ಚರ್ಯವಿಲ್ಲ.

ಇದುವರೆಗಿನದು ವಿನೋದ. ಮುಂದಿನದು ಅಷ್ಟು ವಿನೋದವಲ್ಲ.

ಚಕ್ರಮೊಗ್ಗಿಗೆ ಒಬ್ಬ ಅವಳಿಯುಂಟು. ಜಪಾನಿನಲ್ಲಿ ಅದನ್ನು ಶಿಕಿಮಿ ಎನ್ನುತ್ತಾರೆ, ಬೌದ್ಧರ ಗುಡಿಗಳಲ್ಲಿ, ಗೋರಿಗಳ ಬಳಿ ಬೆಳೆಸುತ್ತಾರೆ, ಧೂಪಕ್ಕೆ ಬಳಸುತ್ತಾರೆ, ತಿನ್ನುವುದಿಲ್ಲ. ಅದರ ಕಾಯಿ ವಿಷ. ಅದರಲ್ಲಿರುವ ಅನಿಸಾಟಿನ್ ನರಮಂಡಲವನ್ನು ಕೆಣಕಿ ವಾಂತಿಯನ್ನೂ ಸೆಳವನ್ನೂ ತರುತ್ತದೆ. ಒಣಗಿದ ಕಾಯಿಗಳೆರಡನ್ನೂ ಮುಂದಿಟ್ಟರೆ ಕಣ್ಣಿನಿಂದ ಬೇರ್ಪಡಿಸುವುದು ಬಹಳ ಕಷ್ಟ; ಪುಡಿಮಾಡಿದ ಮೇಲೆ ಪ್ರಯೋಗಶಾಲೆಯೇ ಬೇಕು. ಇಲ್ಲಿಯೂ ಹೆಸರಿನ ಎಡವಟ್ಟು ನೋಡಿ: ಲಿನೇಯಸನು 1759ರಲ್ಲಿ ಇಲಿಸಿಯಂ ಅನಿಸಾಟಂ, ಸೋಂಪಿನಂಥದು, ಎಂದು ಕೊಟ್ಟ ಹೆಸರು ಇಂದು ನಿಂತಿರುವುದು ಈ ವಿಷದ ಮರಕ್ಕೆ. ಅಡುಗೆಯ ಮರಕ್ಕೆ ಇಲಿಸಿಯಂ ವೇರಂ, ನಿಜವಾದುದು, ಎಂಬ ಪ್ರತ್ಯೇಕ ಹೆಸರು ಬಂದುದು 1888ರಲ್ಲಿ, ಹೂಕರನಿಂದ. ನಿಜವಾದುದೆಂದು ಹೆಸರಿನಲ್ಲಿಯೇ ಸಾರಿ ಹೇಳಬೇಕಾಯಿತೆಂದ ಮೇಲೆ ಗೊಂದಲದ ಆಳವನ್ನು ಊಹಿಸಬಹುದು.

ನಾಲ್ಕು ವರ್ಷಗಳ ಹಿಂದೆ ನನ್ನ ತಂಗಿ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಎರಡು ತಿಂಗಳು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಾಲು ಮಡಚಿಕೊಂಡು ಅಳಲಾರಂಭಿಸಿದರೆ ರಾತ್ರಿ ಹತ್ತರವರೆಗೆ ನಿಲ್ಲುತ್ತಿರಲಿಲ್ಲ. ಯಾರೋ ನನ್ನ ಮೊಬೈಲಿಗೆ ಒಂದು ಮನೆಮದ್ದನ್ನು ಕಳುಹಿಸಿದರು: 'ಸೋಂಪಿನ ಕಷಾಯ, ಎರಡು ಚಮಚ.' ಜೊತೆಗಿದ್ದ ಚಿತ್ರ ಎಂಟೆಸಳಿನ ಚಕ್ರಮೊಗ್ಗಿನದು. ನಾನು ಚಿತ್ರವನ್ನು ನಂಬಿದೆನು. ಪದಗಳ ಅರ್ಥವನ್ನು ಹೇಳಿಕೊಡುವುದೇ ಕಸಬಾಗಿರುವ ನಾನು ಆ ಪದವನ್ನು ಒಮ್ಮೆಯೂ ಪ್ರಶ್ನಿಸದೆ ಅಂಗಡಿಗೆ ಹೋಗಿ ಪೊಟ್ಟಣವನ್ನು ತಂದು ನೀರಿಗೆ ಹಾಕಿ ಒಲೆಯ ಮೇಲಿಟ್ಟೆನು. ನಮ್ಮ ತಾಯಿ ಬಂದು ಪಾತ್ರೆಯೊಳಗೆ ನೋಡಿ, 'ಇದು ಮಸಾಲಿದು. ಕೂಸಿಗೆ ಯಾರರ ಇದನ್ನ ಕೊಡ್ತಾರೇನು?' ಎಂದು ಒಲೆಯಿಂದ ಇಳಿಸಿಬಿಟ್ಟರು. ಕೂಸಿಗೆ ತಾಯಿಯ ಹಾಲಿನ ಹೊರತು ಅವರು ಏನನ್ನೂ ಹಾಕಗೊಡಲಿಲ್ಲ; ಸಬ್ಬಸಿಗೆಯ ಪಲ್ಯವನ್ನು ಬಾಣಂತಿಯ ತಟ್ಟೆಗೆ ಹಾಕಿದರು. ಕೆಲವು ವಾರಗಳಲ್ಲಿ, ಇಂಥ ಅಳು ಸಾಮಾನ್ಯವಾಗಿ ನಿಲ್ಲುವಂತೆ, ಅದೂ ತಾನಾಗಿ ನಿಂತಿತು.

ನಾನು ತಂದದ್ದು ಬಹುಶಃ ನಿರಪಾಯಕರವಾದ ಅಡುಗೆಯ ಚಕ್ರಮೊಗ್ಗೇ. ಆದರೆ ತರುವಾಯ ಓದಿ ತಿಳಿದುಕೊಂಡಾಗ ಮೈ ಬೆವರಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರ ಸೆಪ್ಟೆಂಬರಿನಲ್ಲಿ ಚಕ್ರಮೊಗ್ಗಿನ ಕಷಾಯವನ್ನು ಕುಡಿಯಬಾರದೆಂದು ಜನರಿಗೆ ಎಚ್ಚರಿಕೆ ಕೊಟ್ಟಿದ್ದಿತು. ಸುಮಾರು 40 ಜನ ಕಾಯಿಲೆ ಬಿದ್ದಿದ್ದರು. ಅವರಲ್ಲಿ ಸುಮಾರು 15 ಮಂದಿ ಹಸುಗೂಸುಗಳು. ಹೊಟ್ಟೆನೋವಿಗೆಂದು ಪ್ರೀತಿಯಿಂದ ಕೊಟ್ಟ ಕಷಾಯವದು. ಅಡುಗೆಯ ಕಾಯಿಯೊಡನೆ ವಿಷದ ಅವಳಿ ಬೆರೆತಿರಬಹುದೆಂಬುದೇ ಅಧಿಕಾರಿಗಳ ಭಯ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲೇ ಸಾಕು, ನೀರೂ ಬೇಡ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಸಂಜೆ ನನ್ನ ತಾಯಿಯ ನಡೆ ಅದಕ್ಕೆ ಸರಿಹೊಂದಿತು. ನನ್ನ ಓದು ಹೊಂದಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನೆಮದ್ದೆಲ್ಲ ಮೌಢ್ಯವೆಂದು ನಾನು ಹೇಳುತ್ತಿಲ್ಲ. ಊಟವಾದ ಮೇಲೆ ಬಡೇಸೋಪನ್ನು ಅಗಿದರೆ ಹೊಟ್ಟೆ ಹಗುರಾಗುವುದೆಂಬುದು ತಲೆಮಾರುಗಳ ಅನುಭವ. ಕಾಶ್ಯಪ ಸಂಹಿತೆಯಲ್ಲಿ ಶತಪುಷ್ಪಾ ಶತಾವರಿಗಳಿಗೆಂದೇ ಒಂದು ಅಧ್ಯಾಯವಿದೆ. ನಾಟಿಂಗಹ್ಯಾಮಿನ ವಿಲಿಯಂ ವುಡ್ವರ್ಡ್ 1851ರಲ್ಲಿ ಸಿದ್ಧಪಡಿಸಿ ಮುಂದೆ ನಮ್ಮ ಮನೆಮನೆಯ ಗೂಡಿನಲ್ಲಿ ಕುಳಿತ ಗ್ರೈಪ್ ವಾಟರಿನಲ್ಲಿ ಇದ್ದುದೂ ಸಬ್ಬಸಿಗೆಯ ಎಣ್ಣೆಯೇ. ನನ್ನ ದೂರು ಮದ್ದಿನ ಮೇಲಲ್ಲ. ಮದ್ದಿನ ಹೆಸರನ್ನು ನಾವು ನಡೆಸಿಕೊಳ್ಳುತ್ತಿರುವ ರೀತಿಯ ಮೇಲೆ.

ನಮ್ಮ ತಾಯಿಗೆ ಹೆಸರು ಬೇಕಾಗಿರಲಿಲ್ಲ. ಅವರ ತೌರುಮನೆಯ ಹೊಲದ ಅಂಚಿನಲ್ಲಿ ಸಬ್ಬಸಿಗೆ ಬೆಳೆಯುತ್ತಿದ್ದಿತು. ಬೆರಳಿಟ್ಟು ತೋರಿಸಿ 'ಇದು' ಎಂದರೆ ಸಾಕಾಗುತ್ತಿದ್ದಿತು. ಗಿಡ ಕಣ್ಣೆದುರಿಗೆ ಇದ್ದಾಗ ಹೆಸರು ತಪ್ಪಾದರೂ ಕೈ ತಪ್ಪಾಗದು. ಇಂದು ಗಿಡವೂ ಇಲ್ಲ, ಹೊಲದ ಅಂಚೂ ಇಲ್ಲ. ಸಾವಿರಾರು ಮೈಲಿಯಾಚೆಯ ಕಾಯಿ ಪುಡಿಯಾಗಿ, ಪೊಟ್ಟಣವಾಗಿ ಬರುತ್ತದೆ. ಮದ್ದಿನ ಸಲಹೆ ಅಪರಿಚಿತರಿಂದ ಬರುತ್ತದೆ. ಕೊಳ್ಳುವವನ ಕೈಯಲ್ಲಿ ಉಳಿದ ಆಧಾರ ಹೆಸರೊಂದೇ. ಅದೇ ಸಡಿಲವಾದರೆ ಮಿಕ್ಕದ್ದನ್ನು ಯಾವುದು ಹಿಡಿದು ನಿಲ್ಲಿಸೀತು?

ದೂರದ ಸರಕಿಗೆ ಸರಿಯಾದ ಹೆಸರು ಎಷ್ಟು ಮುಖ್ಯವೆಂಬುದನ್ನು ಐಹೊಳೆಯ ಹೆಸರನ್ನು ಹೊತ್ತ ಒಂದು ಸಂಘ ಸಾವಿರ ವರ್ಷಗಳ ಹಿಂದೆಯೇ ಬಲ್ಲುದಾಗಿದ್ದಿತು. ಅಯ್ಯಾವೊಳೆಯ ಐನೂರ್ವರು, ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ಹೇಳಿಕೊಂಡ ವರ್ತಕರು, ನೆಲದ ದಾರಿಯಲ್ಲಿಯೂ ಜಲದ ದಾರಿಯಲ್ಲಿಯೂ ಸಂಚರಿಸಿದರು. ಸುಮಾತ್ರದ ಬಾರೂಸ್ ಬಳಿ 1088ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಕರ್ಪೂರಕ್ಕೆ ಹೆಸರಾದ ರೇವು ಅದು. ಹನ್ನೊಂದನೆಯ ಶತಮಾನದ ನಡುವಿನ ಶಿಕಾರಿಪುರದ ಶಾಸನವೊಂದು ಈ ವರ್ತಕರ ಸರಕುಗಳನ್ನು ಎಣಿಸುವಾಗ ಆನೆ ಕುದುರೆಗಳನ್ನೂ ಒಂದೊಂದು ಜಾತಿಯ ರತ್ನವನ್ನೂ ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳನ್ನೂ ಬಿಡಿಬಿಡಿಯಾಗಿ ಹೇಳುತ್ತದೆ. ಅದು ವೈಭವದ ವರ್ಣನೆ, ನಿಜ. ಆದರೂ ಅದು ವ್ಯಾಪಾರಿಯ ಬಾಯಿಯ ವರ್ಣನೆ. ಕರ್ಪೂರವನ್ನು ಕೇಳಿದವನಿಗೆ ಕಸ್ತೂರಿಯನ್ನು ತೂಗಿಕೊಟ್ಟು ಯಾರೂ ಸಮುದ್ರದಾಚೆ ಅಂಗಡಿಯನ್ನು ನಡೆಸಲಾರರು.

ವಿದ್ವಾಂಸರೂ ಆಗ ಹಿಂದೆ ಬಿದ್ದಿರಲಿಲ್ಲ. ಚಾಲುಕ್ಯರ ಆಳ್ವಿಕೆಯಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಲೋಕೋಪಕಾರದಲ್ಲಿ ಅಡುಗೆಯನ್ನೂ ಗಿಡಮರಗಳ ವೈದ್ಯವನ್ನೂ ಕನ್ನಡದಲ್ಲಿ ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯದ ಕಾವ್ಯವನ್ನು ರಚಿಸಿದನು. ಅಮೃತನಂದಿಯು ಔಷಧಿಗಳ ಸಂಸ್ಕೃತದ ಹೆಸರುಗಳಿಗೆ ಕನ್ನಡದ ಅರ್ಥವನ್ನು ಅಕಾರಾದಿಯಾಗಿ ಜೋಡಿಸಿಟ್ಟನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ತೆರೆದರೆ ಗಿಡದ ಹೆಸರಿನ ಮುಂದೆ ಲ್ಯಾಟಿನ್ ನಾಮವೂ ಕಾಣುತ್ತದೆ. ಕವಿಗೂ ಕೋಶಕಾರನಿಗೂ ಗಿಡದ ಹೆಸರು ತನ್ನ ಕೆಲಸವೆಂದೇ ತೋರಿದ್ದಿತು. ಅದು ಸಸ್ಯಶಾಸ್ತ್ರ ವಿಭಾಗದ ಕೆಲಸವೆಂದು ಕೈತೊಳೆದುಕೊಂಡವರು ನಾವು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ ಎರಡು ಆಕ್ಷೇಪಣೆಗಳನ್ನು ತಂದರು. ಒಂದು: ಒಂದೇ ವಸ್ತುವಿಗೆ ಹಲವು ಹೆಸರಿರುವುದು ಭಾಷೆಯ ಸಂಪತ್ತಲ್ಲವೆ? ಸಂಪತ್ತೇ ಹೌದು. ಬಡೇಸೋಪು, ದೊಡ್ಡ ಜೀರಿಗೆ ಎಂಬ ಎರಡೂ ಉಳಿಯಲಿ. ಒಂದು ವಸ್ತುವಿಗೆ ಹತ್ತು ಹೆಸರಿದ್ದರೂ ಅಪಾಯವಿಲ್ಲ. ಅಪಾಯವಿರುವುದು ಹತ್ತು ವಸ್ತುವಿಗೆ ಒಂದೇ ಹೆಸರಾದಾಗ. ಕಾವ್ಯದಲ್ಲಿ ಶ್ಲೇಷೆಯನ್ನು ಮೆಚ್ಚೋಣ. ಕಷಾಯದಲ್ಲಿ ಶ್ಲೇಷೆ ಬೇಡ. ಎರಡು: ಜನ ಆಡಿದ್ದೇ ಭಾಷೆ, ಪಂಡಿತರು ಕುಳಿತು ಹೆಸರಿಟ್ಟರೆ ಯಾರು ಕೇಳುತ್ತಾರೆ? ಈ ಮಾತಿನಲ್ಲಿ ಸತ್ಯವಿದೆ. ಆದುದರಿಂದಲೇ ಹೊಸ ಹೆಸರುಗಳನ್ನು ಟಂಕಿಸಬೇಕೆಂದು ನಾನು ಹೇಳಲಾರೆ. ಜನರ ಬಾಯಿಯಲ್ಲಿರುವುದನ್ನೇ ಆಯ್ದು ಸ್ಥಿರಪಡಿಸಿದರೆ ಸಾಕು.

ನನ್ನ ಸೂಚನೆ ಇಷ್ಟು. ಊಟದ ಮೇಲಿನ ಉದ್ದನೆಯ ಕಾಳು ಬಡೇಸೋಪು, ಅಥವಾ ದೊಡ್ಡ ಜೀರಿಗೆ. ಸೊಪ್ಪಿನ ಗಿಡ ಸಬ್ಬಸಿಗೆ. ಅದರ ಕಾಳು ಸಬ್ಬಸಿಗೆಯ ಬೀಜ. ಎಂಟೆಸಳಿನ ಕಾಯಿ ಚಕ್ರಮೊಗ್ಗು. ಅದಕ್ಕೆ ಸೋಂಪೆಂಬ ಹೆಸರು ಎಂದಿಗೂ ಬೇಡ. ಪಶ್ಚಿಮದಿಂದ ಬರುವ ಗಿಡ್ಡ ಕಾಳನ್ನು ಸೀಮೆಸೋಂಪು ಎನ್ನೋಣ; ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆಗಳನ್ನು ಒಳಗೆ ಬಿಟ್ಟುಕೊಂಡ ಕನ್ನಡಕ್ಕೆ ಇದೇನು ಭಾರವಲ್ಲ. ಬರಿಯ 'ಸೋಂಪು' ಎಂಬ ಮಾತು ದಿನದ ಮಾತುಕತೆಯಲ್ಲಿ ಹೇಗಾದರೂ ಇರಲಿ. ಪಾಕಪುಸ್ತಕ, ಮನೆಮದ್ದಿನ ಅಂಕಣ, ಪೊಟ್ಟಣದ ಚೀಟಿ, ಈ ಮೂರರಲ್ಲಿ ಅದನ್ನು ಒಂಟಿಯಾಗಿ ಬಳಸದಿರೋಣ. ಬರೆಯುವವರು ಪಕ್ಕದಲ್ಲಿ ಸಸ್ಯನಾಮವನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಿ. ಕನ್ನಡದ ಅಧ್ಯಾಪಕರು ಗ್ರಂಥಸಂಪಾದನೆಯನ್ನು ಕಲಿಸುವ ಹುಡುಗರಿಗೆ ಪಾಠಾಂತರದ ಜೊತೆಗೆ ಅಡುಗೆಮನೆಯ ಡಬ್ಬಿಯ ಹೆಸರನ್ನೂ ಪರಿಶೀಲಿಸಲು ಹೇಳಲಿ.

ಐಹೊಳೆಯಿಂದ ಬಂದ ವಾರದಲ್ಲಿ ನಾನು ಅಷ್ಟನ್ನು ಮಾಡಿ ನೋಡಿದೆನು. ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಕಾಳುಗಳ ಹೆಸರನ್ನು ಬರೆದು ತರಬೇಕೆಂದು ಹೇಳಿದೆನು. ಪರೀಕ್ಷೆಯ ಅಂಕವಿಲ್ಲದ ಈ ಕೆಲಸವನ್ನು ಅರ್ಧದಷ್ಟು ಜನ ಮಾತ್ರ ಮಾಡಿದರು. ಅಷ್ಟರಲ್ಲಿಯೇ ನನಗೆ ಗೊತ್ತಿರದ ಇಪ್ಪತ್ತು ಪದಗಳು ಸಿಕ್ಕಿದುವು. ಮೈಸೂರಿನ ಕಡೆಯ ಹುಡುಗನು ತನ್ನ ಅಜ್ಜಿಗೆ ದೂರವಾಣಿ ಮಾಡಿ ಕೇಳಿಕೊಂಡು, ಪಟ್ಟಿಯ ಮೊದಲ ಸಾಲಿನಲ್ಲಿ 'ಸೋಂಪು' ಎಂದು ಬರೆದು, ಅದರ ಮುಂದೆ ಅಮೀನಗಡದ ಮುದುಕರು ಕೊಟ್ಟಿದ್ದ ನಾಲ್ಕು ಕಾಳುಗಳನ್ನು ಅಂಟಿನಿಂದ ಅಂಟಿಸಿ ತಂದಿದ್ದನು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಇಲ್ಲಿ ಇದಕ್ಕೆ ಬಡೇಸೋಪು ಎನ್ನುತ್ತಾರೆ' ಎಂದಿತ್ತು. ಆ ಹಾಳೆ ಈಗ ನನ್ನ ಕಿಟ್ಟೆಲ್ ಕೋಶದೊಳಗೆ ಇದೆ.